ಹೊಸ ಡೈ ತರಿಸುವ ಮುಂಚೆ: ತೋಟಾ ತುಂಬುವ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ನೆಲೆಸಿ, ಮನೆಯ ಗ್ಯಾರೇಜಿನಲ್ಲೇ ರೈಫಲ್ ತೋಟಾ ಮರುತುಂಬುವ ಕನ್ನಡದ ಗೆಳೆಯ ಗೆಳತಿಯರಿಗೆ,



ಈಚೆಗೆ ನಿಮ್ಮಲ್ಲಿ ಯಾರು ಫೋನ್ ಮಾಡಿದರೂ ಮಾತು ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತಿದೆ. ಗುಂಡು ಕೂರಿಸುವಾಗ ಪ್ರೆಸ್ಸಿನ ಹಿಡಿ ಒಂದು ಕೇಸಿಗೆ ಸಲೀಸಾಗಿ ಇಳಿಯುತ್ತದೆ, ಮುಂದಿನದಕ್ಕೆ ತಡೆದು ತಡೆದು ಇಳಿಯುತ್ತದೆ. ಎಲ್ಲವೂ ಒಂದೇ ಡೈಯಲ್ಲಿ ಹೋಗಿ ಬಂದ ಕೇಸುಗಳು, ಎಲ್ಲವೂ ಒಂದೇ ಡಬ್ಬಿಯ ಗುಂಡುಗಳು. ರೇಂಜಿಗೆ ಹೋಗಿ ಕ್ರೋನೋಗ್ರಾಫ್ ಇಟ್ಟು ನೋಡಿದರೆ ವೇಗ ಮೇಲೆ ಕೆಳಗೆ. ಆಮೇಲೆ ಪ್ರಶ್ನೆ: ‘ನೆಕ್ ಟೆನ್ಷನ್ ಸರಿ ಬರ್ತಿಲ್ಲ, ಯಾವ ಡೈ ತಗೊಳ್ಳಲಿ?’

ಸದ್ಯಕ್ಕೆ ಯಾವುದನ್ನೂ ತಗೋಬೇಡಿ ಅನ್ನುವುದೇ ನನ್ನ ಉತ್ತರ. ಎಲ್ಲರಿಗೂ ಸೇರಿಸಿ ಬರೆಯುವುದಕ್ಕೆ ಕಾರಣವಿದೆ. ಪ್ರಶ್ನೆ ಎಲ್ಲರದೂ ಒಂದೇ, ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ನೆಕ್ ಟೆನ್ಷನ್ ಅಂತ ನಾವು ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಕತ್ತಿನ ಒಳ ಅಳತೆ ಒಂದು, ಹಿತ್ತಾಳೆಯ ಹದ ಇನ್ನೊಂದು, ಗುಂಡಿಗೂ ಕತ್ತಿಗೂ ನಡುವಿನ ಉಜ್ಜಾಟ ಮೂರನೆಯದು. ಈ ಮೂರನ್ನೂ ಸರಿಮಾಡುವ ಒಂದೇ ಉಪಕರಣ ಯಾವ ಅಂಗಡಿಯಲ್ಲೂ ಇಲ್ಲ. ಹಿತ್ತಾಳೆಯ ಹದ ಕೆಟ್ಟಿರುವವನು ಬುಶಿಂಗ್ ತರಿಸಿದರೆ, ಉಜ್ಜಾಟದಿಂದ ಕಷ್ಟಪಡುವವನು ಅನೀಲಿಂಗ್ ಯಂತ್ರ ತರಿಸಿದರೆ, ದುಡ್ಡು ಹೋಗುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ.

ಮೊದಲು ಅಳತೆ. ನಿಮ್ಮಲ್ಲಿ ಬಹುಪಾಲು ಜನರ ಹತ್ತಿರ ಇರುವ .308 ವಿಂಚೆಸ್ಟರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗುಂಡಿನ ವ್ಯಾಸ 0.308 ಇಂಚು. ಕತ್ತಿನ ಗೋಡೆ 0.015 ಇಂಚು ದಪ್ಪವಿದ್ದರೆ, ಗುಂಡು ಕೂತ ಮೇಲೆ ಕತ್ತಿನ ಹೊರ ಅಳತೆ 0.338 ಬರುತ್ತದೆ. ಎರಡು ಥೌ, ಅಂದರೆ ಇಂಚಿನ ಸಾವಿರದ ಎರಡು ಪಾಲು, ಬಿಗಿ ಬೇಕೆಂದು 0.336ರ ಬುಶಿಂಗ್ ಹಾಕುತ್ತೀರಿ. ಇಲ್ಲಿಯವರೆಗೆ ಸರಿ. ಆದರೆ ಬುಶಿಂಗ್ ಕತ್ತನ್ನು ಹೊರಗಿನಿಂದ ಒತ್ತುತ್ತದೆ, ಗುಂಡು ಕೂರುವುದು ಒಳಗೆ. ಬೆರಕೆ ಕೇಸುಗಳ ರಾಶಿಯಲ್ಲಿ ಒಂದರ ಗೋಡೆ 0.0145, ಇನ್ನೊಂದರದು 0.0155 ಇರುವುದು ಅಪರೂಪವೇನಲ್ಲ. ಅದೇ ಬುಶಿಂಗಿನಲ್ಲಿ ಹೋಗಿ ಬಂದ ಮೇಲೆ ಮೊದಲನೆಯದರ ಒಳವ್ಯಾಸ 0.307, ಎರಡನೆಯದರದು 0.305. ಒಂದಕ್ಕೆ ಒಂದು ಥೌ ಬಿಗಿ, ಇನ್ನೊಂದಕ್ಕೆ ಮೂರು ಥೌ. ಹೊರಗೆ ಮೈಕ್ರೋಮೀಟರ್ ಹಿಡಿದು ನೋಡಿದರೆ ಎರಡೂ ಒಂದೇ ಅಂಕಿ ತೋರಿಸುತ್ತವೆ! ಗೋಡೆಯ ದಪ್ಪದಲ್ಲಿ ಅರ್ಧರ್ಧ ಥೌ ಆಚೀಚೆ ಆದರೂ ಒಳಗೆ ಅದು ಎರಡು ಪಟ್ಟಾಗಿ ಬರುತ್ತದೆ, ಯಾಕೆಂದರೆ ಗೋಡೆ ಎರಡು ಕಡೆ ಇದೆ.

ಇದಕ್ಕೇ ಮ್ಯಾಂಡ್ರೆಲ್ ಬಳಸುವುದು. ಕತ್ತನ್ನು ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು ಒತ್ತಿ, ಆಮೇಲೆ ಒಳಗಿನಿಂದ ಒಂದು ನಿಶ್ಚಿತ ಅಳತೆಯ ಕಂಬಿ ತೂರಿಸಿ ಹಿಗ್ಗಿಸಿದರೆ ಗೋಡೆಯ ಹೆಚ್ಚುಕಮ್ಮಿ ಹೊರಗಡೆಗೆ ಹೋಗಿ, ಒಳಗಿನ ಅಳತೆ ಎಲ್ಲದಕ್ಕೂ ಹತ್ತಿರ ಹತ್ತಿರ ಒಂದೇ ಬರುತ್ತದೆ. ದಪ್ಪ ಗೋಡೆ ತೆಳು ಗೋಡೆಗಿಂತ ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವುದು ಆಗಲೂ ಉಳಿಯುತ್ತದೆ. ಅದಕ್ಕೆ ಮದ್ದೆಂದರೆ ಒಂದೇ ಕಂಪನಿಯ, ಒಂದೇ ಲಾಟಿನ ಕೇಸು ಇಟ್ಟುಕೊಳ್ಳುವುದು, ಅಥವಾ ಕತ್ತನ್ನು ಟರ್ನಿಂಗ್ ಮಾಡಿಸುವುದು. ಮೊದಲನೆಯದು ಅಗ್ಗ. ಬೆಂಚ್‌ರೆಸ್ಟ್ ಆಡುವವರನ್ನು ಬಿಟ್ಟರೆ ಉಳಿದವರಿಗೆ ಅಷ್ಟೇ ಸಾಕು.

ಹಳೆಯ ಮಾದರಿ ಫುಲ್ ಲೆಂಗ್ತ್ ಡೈ ಬಳಸುವವರು ಎಕ್ಸ್‌ಪ್ಯಾಂಡರ್ ಬಾಲ್ ಕಡೆ ನೋಡಿ. ಕೇಸು ಕೆಳಗಿಳಿಯುವಾಗ ಆ ಗುಂಡಗಿನ ತುಂಡು ಕತ್ತಿನೊಳಗಿಂದ ಕಿರ್ ಎಂದು ಸದ್ದು ಮಾಡುತ್ತಾ ಬರುತ್ತಿದ್ದರೆ ಅದು ಕತ್ತನ್ನು ಎಳೆಯುತ್ತಿದೆ, ಕೆಲವೊಮ್ಮೆ ಓರೆಯನ್ನೂ ಮಾಡುತ್ತಿದೆ. ಕತ್ತಿನ ಒಳಗೆ ಒಣ ಗ್ರಾಫೈಟ್ ಅಥವಾ ಮೈಕಾ ಪುಡಿ ಒಂದು ಚೂರು ಸವರಿ. ಸದ್ದು ನಿಲ್ಲುತ್ತದೆ, ಅರ್ಧ ತೊಂದರೆಯೂ ನಿಲ್ಲುತ್ತದೆ.

ಅಳತೆಯ ವಿಷಯ ಬಿಡುವ ಮುಂಚೆ ಇನ್ನೊಂದು ಮಾತು. ನಮ್ಮಲ್ಲಿ ಹೆಚ್ಚಿನವರು ನಂಬಿರುವುದು ಡಿಜಿಟಲ್ ಕ್ಯಾಲಿಪರನ್ನು. ಅದರ ನಿಖರತೆಯೇ ಒಂದು ಥೌ ಆಚೀಚೆ, ನೀವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ. ಅದರ ಒಳ ಅಳತೆಯ ದವಡೆಗಳ ಅಂಚು ಚಪ್ಪಟೆಯಾದ್ದರಿಂದ ಸಣ್ಣ ತೂತಿನಲ್ಲಿ ಅದು ಇರುವುದಕ್ಕಿಂತ ಕಮ್ಮಿಯನ್ನೇ ತೋರಿಸುತ್ತದೆ. ಒಳವ್ಯಾಸಕ್ಕೆ ಪಿನ್ ಗೇಜ್, ಗೋಡೆಗೆ ಬಾಲ್ ಮೈಕ್ರೋಮೀಟರ್. ಯಾವುದಾದರೂ ಕೊಳ್ಳಲೇಬೇಕು ಅಂತ ಕೈ ತುರಿಸುತ್ತಿದ್ದರೆ ಇವೆರಡನ್ನು ಕೊಳ್ಳಿ. ಇವು ಸುಳ್ಳು ಹೇಳುವುದಿಲ್ಲ.

‘ಎರಡು ಥೌ ಸಾಲದು, ನಾಲ್ಕು ಮಾಡಿಕೊಂಡೆ’ ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದೀರಿ. ಹಿತ್ತಾಳೆ ಒಂದು ಮಿತಿಯವರೆಗೆ ಮಾತ್ರ ಸ್ಪ್ರಿಂಗಿನಂತೆ ಹಿಗ್ಗಿ ಮತ್ತೆ ಒತ್ತುತ್ತದೆ. ಆ ಮಿತಿ ದಾಟಿದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ, ಹಿಡಿತ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಅನುಮಾನವಿದ್ದರೆ ನೀವೇ ನೋಡಿ. ಪ್ರೈಮರ್, ಮದ್ದು ಎರಡೂ ಇಲ್ಲದ ಕೇಸಿಗೆ ಗುಂಡು ಕೂರಿಸಿ, ಪುಲ್ಲರಿನಿಂದ ಕಿತ್ತು, ಕತ್ತನ್ನು ಮತ್ತೆ ಅಳೆಯಿರಿ. ನಾಲ್ಕು ಥೌ ಕಿರಿದು ಮಾಡಿದ್ದ ಕತ್ತು ಆ ಅಳತೆಗೆ ವಾಪಸ್ ಬಂದಿರುವುದಿಲ್ಲ. ಉಳಿದ ಹಿಗ್ಗಿಸುವ ಕೆಲಸವನ್ನೆಲ್ಲ ಪಾಪ ಆ ಗುಂಡೇ ಮಾಡಿರುತ್ತದೆ. ಗುಂಡು ಇರುವುದು ಆ ಕೆಲಸಕ್ಕಲ್ಲ.

ಇನ್ನು ಹದ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ, ಇದನ್ನೇ ನಾವು ಕೊನೆಗೆ ನೋಡುತ್ತೇವೆ. ತೋಟಾದ ಹಿತ್ತಾಳೆಯಲ್ಲಿ ತಾಮ್ರ ನೂರಕ್ಕೆ 70, ಸತು 30. ಈ ಹಿತ್ತಾಳೆಯನ್ನು ಬಗ್ಗಿಸಿದಷ್ಟೂ ಅದು ಗಡುಸಾಗುತ್ತದೆ. ಪಾತ್ರೆ ಬಡಿಯುವ ನಮ್ಮ ಕಂಚುಗಾರರು ಒಂದಷ್ಟು ಬಡಿದು, ಮತ್ತೆ ಕುಲುಮೆಗೆ ಹಾಕಿ ಕಾಯಿಸಿ, ಮತ್ತೆ ಬಡಿಯುವುದು ಇದೇ ಕಾರಣಕ್ಕೆ. ನಾವು ಹಾರಿಸಿದಾಗ ಕತ್ತು ಹಿಗ್ಗುತ್ತದೆ, ಡೈಯಲ್ಲಿ ಕುಗ್ಗುತ್ತದೆ, ಮ್ಯಾಂಡ್ರೆಲ್‌ನಲ್ಲಿ ಮತ್ತೆ ಹಿಗ್ಗುತ್ತದೆ, ಗುಂಡು ಕೂರಿಸಿದಾಗ ಮತ್ತೊಮ್ಮೆ. ಪ್ರತಿ ಸುತ್ತಿಗೂ ಗಡಸುತನ ಏರುತ್ತದೆ. ಗಡುಸಾದ ಕತ್ತು ಡೈಯಿಂದ ಹೊರಬಂದ ಕೂಡಲೇ ಹೆಚ್ಚು ಪುಟಿಯುತ್ತದೆ. ಆದ್ದರಿಂದ ಅದೇ ಬುಶಿಂಗ್, ಅದೇ ಸೆಟ್ಟಿಂಗ್ ಇದ್ದರೂ ಒಂದು ಸಲ ಹಾರಿಸಿದ ಕೇಸಿಗೂ ಆರು ಸಲ ಹಾರಿಸಿದ ಕೇಸಿಗೂ ಅಳತೆ ಬೇರೆ ಬರುತ್ತದೆ. ಅಳತೆ ಒಂದೇ ಬಂದರೂ ಹಿಡಿತ ಬೇರೆ.

ಹಾಗಾಗಿ ಫೋನಿನಲ್ಲಿ ನಾನು ಮೊದಲು ಕೇಳುವುದು ಡೈ ಯಾವುದು ಅಂತ ಅಲ್ಲ, ಕೇಸುಗಳನ್ನು ವಿಂಗಡಿಸಿ ಇಟ್ಟಿದ್ದೀರಾ ಅಂತ. ರೇಂಜಿನ ನೆಲದಿಂದ ಹೆಕ್ಕಿದ್ದು, ಫ್ಯಾಕ್ಟರಿ ತೋಟಾ ಹಾರಿಸಿ ಉಳಿದದ್ದು, ಹೊಸದಾಗಿ ಕೊಂಡದ್ದು ಎಲ್ಲ ಒಂದೇ ಬಕೆಟ್ಟಿನಲ್ಲಿದ್ದರೆ ಯಾವ ದೇವರು ಬಂದರೂ ಬಿಗಿ ಒಂದೇ ಬರುವುದಿಲ್ಲ. ಲಪುವಾ ಬೇರೆ, ಸ್ಟಾರ್‌ಲೈನ್ ಬೇರೆ, ಲೇಕ್ ಸಿಟಿಯ ಮಿಲಿಟರಿ ಕೇಸು ಬೇರೆ. ಬುಡದ ಮುದ್ರೆ ನೋಡಿ ಬೇರ್ಪಡಿಸಿ. ಎಷ್ಟು ಸಲ ಹಾರಿಸಿದ್ದು ಅಂತ ಡಬ್ಬಿಯ ಮೇಲೆ ಬರೆದಿಡಿ. ನಿಮ್ಮಲ್ಲಿ ಅನೇಕರ ಸಮಸ್ಯೆ ಇಷ್ಟಕ್ಕೇ ಮುಗಿದುಹೋಗುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಗಡುಸಾದ ಕತ್ತನ್ನು ಕಾಯಿಸಿ ಮತ್ತೆ ಮೆದುಗೊಳಿಸುವುದು ಅನೀಲಿಂಗ್. ಲೇಕ್ ಸಿಟಿಯ ಕೇಸಿನ ಕತ್ತಿನಲ್ಲಿ ಕಾಣುವ ನೀಲಿ ಕಂದು ಬಣ್ಣದ ಪಟ್ಟೆ ಅದರದೇ ಗುರುತು. ಈ ಕತೆಗೆ ನಮ್ಮ ದೇಶದ ನಂಟೂ ಇದೆ. ಬ್ರಿಟಿಷರ ಕಾಲದಲ್ಲಿ, ಭಾರತದಲ್ಲಿದ್ದ ಅವರ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಕೇಸುಗಳು ಯಾರೂ ಮುಟ್ಟದೆಯೇ ಬಿರುಕು ಬಿಟ್ಟಿರುತ್ತಿದ್ದವು. ಸೀಸನ್ ಕ್ರ್ಯಾಕಿಂಗ್ ಅಂತ ಹೆಸರಾಯಿತು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಲೋಹತಜ್ಞರು ಕಾರಣವನ್ನು ಬಿಡಿಸಿ ಹೇಳಿದರು. ಕುದುರೆ ಗಂಜಳದಿಂದ ಏಳುವ ಅಮೋನಿಯಾ, ಮತ್ತು ಕೇಸನ್ನು ಎಳೆದು ರೂಪಿಸುವಾಗ ಹಿತ್ತಾಳೆಯಲ್ಲಿ ಉಳಿದುಹೋದ ಒಳಒತ್ತಡ, ಎರಡೂ ಸೇರಿ ಬಿರುಕು. ಕಾಯಿಸಿ ಆ ಒತ್ತಡವನ್ನು ಬಿಡಿಸಿದರೆ ಬಿರುಕು ಬರುವುದಿಲ್ಲ. ಆ ತಿಳಿವಳಿಕೆ ನಮ್ಮ ಬೆಂಚಿಗೂ ಸಲ್ಲುತ್ತದೆ. ಹಲವು ಸಲ ತುಂಬಿದ ಕೇಸಿನ ಕತ್ತು ಸೀಳುವುದು ಬರೀ ಹಳತಾದ್ದರಿಂದ ಅಲ್ಲ. ಅಮೋನಿಯಾ ಇರುವ ಹಿತ್ತಾಳೆ ಪಾಲಿಶನ್ನು ದಯವಿಟ್ಟು ಕೇಸುಗಳ ಹತ್ತಿರ ತರಬೇಡಿ.

ಕಾಯಿಸುವ ರೀತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗ್ಯಾಸ್ ಟಾರ್ಚ್ ಇದ್ದವರು ಜ್ವಾಲೆಯನ್ನು ಕತ್ತು ಮತ್ತು ಹೆಗಲು ಸೇರುವ ಕಡೆ ಹಿಡಿದು, ಕೇಸನ್ನು ಒಂದೇ ಸಮನೆ ತಿರುಗಿಸುತ್ತಾ ಕೆಲವು ಸೆಕೆಂಡು ಕಾಯಿಸುತ್ತಾರೆ. ಕತ್ತಿನೊಳಗೆ 750 ಡಿಗ್ರಿ ಫ್ಯಾರನ್‌ಹೀಟ್‌ಗೆ ಕರಗುವ ಟೆಂಪಿಲಾಕ್ ಬಣ್ಣ ಹಚ್ಚಿದರೆ ಅದು ಕರಗುವ ಗಳಿಗೆ ತಿಳಿಯುತ್ತದೆ. ಇಂಡಕ್ಷನ್ ಯಂತ್ರ ಇದ್ದವರಿಗೆ ಇಷ್ಟು ಕಷ್ಟವಿಲ್ಲ. ಆದರೆ ಒಂದನ್ನು ಗಟ್ಟಿಯಾಗಿ ಹೇಳಬೇಕು: ಕೇಸಿನ ಬುಡ ಎಂದೂ ಮೆದುವಾಗಬಾರದು. ಒತ್ತಡವನ್ನೆಲ್ಲ ತಡೆಯುವುದು ಆ ಬುಡ, ಅದು ಮೆದುವಾದರೆ ಬೋಲ್ಟಿನ ಕಡೆಯಿಂದ ಬಿಸಿ ಅನಿಲ ಮುಖಕ್ಕೆ ಬರುತ್ತದೆ. ಬುಡದವರೆಗೆ ಬಿಸಿ ಹತ್ತಿದೆ ಅನ್ನುವ ಅನುಮಾನ ಬಂದ ಕೇಸನ್ನು ಇಕ್ಕಳದಲ್ಲಿ ಹಿಸುಕಿ ಕಸಕ್ಕೆ ಹಾಕಿ, ನಾಳೆ ನೋಡೋಣ ಅಂತ ಇಟ್ಟುಕೊಳ್ಳಬೇಡಿ.

ಮೂರನೆಯದು ಉಜ್ಜಾಟ. ಇಲ್ಲಿ ಟೆಕ್ಸಸ್‌ನಲ್ಲಿ ನಮ್ಮವರೊಬ್ಬರ ಗ್ಯಾರೇಜಿಗೆ ಹೋಗಿದ್ದೆ. ಬೆಂಚಿನ ಮೇಲೆ ಟವೆಲ್ ಹಾಸಿ ಕೇಸುಗಳನ್ನು ಒಣಹಾಕಿದ್ದರು. ಸ್ಟೀಲ್ ಪಿನ್ ಮತ್ತು ಸೋಪಿನ ನೀರಿನಲ್ಲಿ ಗಂಟೆಗಟ್ಟಲೆ ತಿರುಗಿಸಿದ ಕೇಸುಗಳು, ಒಳಗೂ ಹೊರಗೂ ಒಡವೆಯ ಹೊಳಪು. ಗುಂಡು ಕೂರಿಸಲು ಹೇಳಿ ನಾನೂ ಹಿಡಿಯ ಮೇಲೆ ಕೈಯಿಟ್ಟೆ. ಒಂದೆರಡು ಸರಾಗವಾಗಿ ಹೋದವು, ಆಮೇಲಿನದು ಅರ್ಧ ದಾರಿಯಲ್ಲಿ ಕಚ್ಚಿ, ಕಟಕ್ಕೆಂದು ಹಾರಿದಂತೆ ಇಳಿಯಿತು. ತೆಗೆದು ನೋಡಿದರೆ ಗುಂಡಿನ ತಾಮ್ರದ ಮೈಮೇಲೆ ಉದ್ದುದ್ದ ಗೀರು. ಮೊದಲೇ ಹಾರಿಸಿಟ್ಟಿದ್ದ ಹಳೆಯ ಕೇಸೊಂದನ್ನು ತರಿಸಿ, ಒಳಗಿನ ಮಸಿ ತೊಳೆಯದೆ ನೈಲಾನ್ ಬ್ರಶ್ಶನ್ನು ಒಂದೆರಡು ಬಾರಿ ಆಡಿಸಿ, ಅದೇ ಡೈಯಲ್ಲಿ ಹಾಕಿ ಕೂರಿಸಿದೆವು. ಬೆಣ್ಣೆಯಂತೆ ಇಳಿಯಿತು.

ಕತ್ತಿನೊಳಗಿನ ಆ ತೆಳು ಮಸಿಯೇ ಜಾರುಪದರ. ಅದನ್ನು ಪೂರ್ತಿ ತೊಳೆದುಬಿಟ್ಟರೆ ಬರಿಯ ಹಿತ್ತಾಳೆಯ ಮೇಲೆ ಬರಿಯ ತಾಮ್ರ ಉಜ್ಜುತ್ತದೆ, ಮತ್ತು ಅದು ಪ್ರತಿ ಸಲ ಬೇರೆಯಾಗಿ ಉಜ್ಜುತ್ತದೆ. ಸ್ಟೀಲ್ ಪಿನ್ನು ಕೇಸಿನ ಬಾಯಿಯ ಅಂಚನ್ನೂ ಬಡಿದು ಒಳಕ್ಕೆ ಮಡಿಸಿರುತ್ತದೆ, ಆ ಅಂಚೇ ಗುಂಡನ್ನು ಗೀರುವುದು. ಕೇಸು ಹೊಳೆಯಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಗುರಿಗೆ ಹೊಳಪು ಬೇಕಿಲ್ಲ. ಜೋಳದ ದಿಂಡಿನ ಪುಡಿ ಅಥವಾ ವಾಲ್ನಟ್ ಚಿಪ್ಪಿನ ಪುಡಿಯಲ್ಲಿ ಒಣದಾಗಿ ತಿರುಗಿಸಿದರೆ ಹೊರಗಿನ ಕೊಳೆ ಹೋಗುತ್ತದೆ, ಒಳಗಿನ ಮಸಿ ಬಹುಪಾಲು ಉಳಿಯುತ್ತದೆ. ನೀರಿನಲ್ಲೇ ತೊಳೆಯುತ್ತೇನೆ ಅನ್ನುವವರು ಬಾಯಿಯ ಅಂಚನ್ನು ಮತ್ತೆ ಚ್ಯಾಂಫರ್ ಮಾಡಿ, ಕತ್ತಿನೊಳಗೆ ಗ್ರಾಫೈಟ್ ಹಚ್ಚಿ. ಹಚ್ಚಿದರೆ ಎಲ್ಲದಕ್ಕೂ ಹಚ್ಚಿ, ಬಿಟ್ಟರೆ ಎಲ್ಲದಕ್ಕೂ ಬಿಡಿ. ಸೈಜಿಂಗ್ ಎಣ್ಣೆ ಕೆಲವು ಕತ್ತುಗಳಲ್ಲಿ ಉಳಿದು ಕೆಲವುಗಳಲ್ಲಿ ಇಲ್ಲದಿರುವುದು ಎರಡಕ್ಕಿಂತಲೂ ಕೆಟ್ಟದ್ದು.

ಈ ಮೂರರಲ್ಲೂ ಸೇರದ ಒಂದು ಕಳ್ಳ ಕಾರಣವಿದೆ, ಡೋನಟ್. ಹೆಗಲಿನ ಹಿತ್ತಾಳೆ ಮುಂದಕ್ಕೆ ಹರಿದು ಕತ್ತಿನ ಬುಡದಲ್ಲಿ ಒಳಗಡೆ ಒಂದು ಉಬ್ಬಿದ ಬಳೆ ಕಟ್ಟುತ್ತದೆ. ಉದ್ದ ಗುಂಡನ್ನು ಆಳವಾಗಿ ಕೂರಿಸುವವರಿಗೆ ಕೊನೆಯ ಒಂದು ಚೂರಿನಲ್ಲಿ ಹಿಡಿ ಗಟ್ಟಿಯಾಗುತ್ತದೆ. ಕಂಡುಹಿಡಿಯುವುದು ಸುಲಭ. ಹಾರಿಸಿದ, ಇನ್ನೂ ಡೈಗೆ ಹಾಕದ ಕೇಸಿನೊಳಗೆ ಗುಂಡೊಂದನ್ನು ಹಿಂಬದಿಯಿಂದ ಸುಮ್ಮನೆ ಬಿಡಿ. ಕತ್ತು ದಾಟಿ ಒಳಗೆ ಜಾರಿಹೋದರೆ ಡೋನಟ್ ಇಲ್ಲ. ಕತ್ತಿನ ಬುಡದಲ್ಲಿ ತಡೆದು ನಿಂತರೆ ಇದೆ. ಗುಂಡನ್ನು ಸ್ವಲ್ಪ ಮೇಲೆ ಕೂರಿಸಿ, ಆಗದಿದ್ದರೆ ರೀಮರ್ ಹಾಕಿಸಿ. ಕೇಸುಗಳ ಉದ್ದವೂ ಒಂದೇ ಇರಲಿ: .308ಕ್ಕೆ ಗರಿಷ್ಠ 2.015 ಇಂಚು, ಕತ್ತರಿಸುವುದು 2.005ಕ್ಕೆ.

ಇಷ್ಟೆಲ್ಲ ಬರೆದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಬೇಕು. ನಿಮ್ಮ ಗುರಿ ತಪ್ಪುತ್ತಿರುವುದಕ್ಕೆ ನೆಕ್ ಟೆನ್ಷನ್ನೇ ಕಾರಣ ಅನ್ನುವುದು ಇನ್ನೂ ಸಾಬೀತಾಗಿಲ್ಲ. ನೂರು ಗಜದಲ್ಲಿ ವೇಗದ ಸಣ್ಣ ಏರಿಳಿತ ಕಾಣುವುದೇ ಇಲ್ಲ. ಸಾವಿರ ಗಜದಲ್ಲಿ ಸೆಕೆಂಡಿಗೆ 30 ಅಡಿಯ ವ್ಯತ್ಯಾಸ .308ರ ಗುಂಡನ್ನು ಒಂದಡಿಯ ಆಸುಪಾಸು ಮೇಲೆ ಕೆಳಗೆ ಮಾಡುತ್ತದೆ, ಅಲ್ಲಿ ಹತ್ತರ ಉಂಗುರದ ಅಗಲವೇ 20 ಇಂಚು. ಆ ದೂರಕ್ಕೆ ಹೊಡೆಯುವವರು ತಲೆಕೆಡಿಸಿಕೊಳ್ಳಬೇಕಾದ್ದೇ. ಉಳಿದವರು ಮೊದಲು ಸ್ಕೋಪಿನ ತಿರುಪು, ಮದ್ದಿನ ತಕ್ಕಡಿ, ತಮ್ಮ ಹೆಗಲು ಮತ್ತು ಉಸಿರು ನೋಡಿಕೊಳ್ಳಿ.

ಇತ್ಯರ್ಥ ಮಾಡಿಕೊಳ್ಳಲು ಖರ್ಚಿಲ್ಲದ ದಾರಿಯೊಂದಿದೆ. ಮುಂದಿನ ಸಲ ಗುಂಡು ಕೂರಿಸುವಾಗ ಕೈಗೆ ಗಟ್ಟಿಯೆನಿಸಿದವುಗಳ ಬುಡಕ್ಕೆ ಕಪ್ಪು ಮಾರ್ಕರ್ ಹಚ್ಚಿ, ಸಡಿಲ ಎನಿಸಿದವಕ್ಕೆ ಕೆಂಪು. ರೇಂಜಿನಲ್ಲಿ ಕಪ್ಪನ್ನೂ ಕೆಂಪನ್ನೂ ಒಂದಾದ ಮೇಲೊಂದು ಹಾರಿಸಿ, ಎರಡರ ವೇಗವನ್ನೂ ಬೇರೆ ಬೇರೆ ಬರೆದುಕೊಳ್ಳಿ. ನಾಲ್ಕೈದು ಗುಂಡಿಗೆ ತೀರ್ಪು ಕೊಡಬೇಡಿ, ಒಂದೊಂದು ಬಣ್ಣಕ್ಕೆ 15, 20 ಆದರೂ ಇರಲಿ. ಎರಡೂ ಬಣ್ಣದ ವೇಗ ಒಂದೇ ಬಂದರೆ ನಿಮ್ಮ ಕೈಗೆ ತಿಳಿದದ್ದು ನಿಜವಾದರೂ ಗುರಿಗೆ ಅದು ತಿಳಿದಿಲ್ಲ. ಬೇರೆ ಬಂದರೆ ಆಗ ಒಂದೊಂದಾಗಿ ಬದಲಾಯಿಸಿ. ಕೇಸು ಬೇರ್ಪಡಿಸುವುದು ಮೊದಲು, ತೊಳೆಯುವ ರೀತಿ ಆಮೇಲೆ, ಅನೀಲಿಂಗ್ ಆಮೇಲೆ, ಡೈ ಕೊನೆಗೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಸಡಿಲವೆಂದರೆ ಎಷ್ಟು ಸಡಿಲ ಅನ್ನುವುದಕ್ಕೂ ಮಿತಿಯಿದೆ. ಬೆರಳಲ್ಲಿ ಒತ್ತಿದರೆ ಗುಂಡು ಒಳಗೆ ಸರಿಯುವ, ಅಥವಾ ತಿರುಗುವ ತೋಟಾವನ್ನು ಹಾರಿಸಲೇಬೇಡಿ. ಗುಂಡು ಒಳಕ್ಕೆ ಸರಿದರೆ ಮದ್ದಿಗೆ ಜಾಗ ಕಮ್ಮಿಯಾಗಿ ಒತ್ತಡ ಏರುತ್ತದೆ. ಸೆಮಿ ಆಟೋಮ್ಯಾಟಿಕ್ ರೈಫಲ್ಲಿನಲ್ಲಿ ತೋಟಾ ಬಡಿಸಿಕೊಂಡೇ ಒಳಹೋಗುವುದರಿಂದ ಅಪಾಯ ಇನ್ನೂ ಜಾಸ್ತಿ. ಬಿಚ್ಚಿ, ಮದ್ದನ್ನು ಅದರದೇ ಡಬ್ಬಿಗೆ ಹಾಕಿ, ಮತ್ತೆ ಶುರುಮಾಡಿ.

ಕಾನೂನಿನ ಎರಡು ಮಾತು, ಬೇಸರ ಮಾಡಿಕೊಳ್ಳಬೇಡಿ. ಸ್ವಂತಕ್ಕೆ ತೋಟಾ ಮರುತುಂಬಲು ಅಮೆರಿಕದ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರುವುದಕ್ಕೆ ಬೇಕು. ಗೆಳೆಯರಿಗೆ ಖರ್ಚು ತೆಗೆದುಕೊಂಡು ತುಂಬಿಕೊಡುವ ಏರ್ಪಾಡು ಬೇಡ. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರಿಗೆ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು, ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದಿದ್ದರೆ, ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಬರುವವರೆಗೆ ಗೆಳೆಯರ ಬೆಂಚಿಗೆ ಕೈಹಾಕುವ ಮುಂಚೆ ವಕೀಲರೊಬ್ಬರನ್ನು ಕೇಳಿ.

ಊರಿಗೆ ಹೋಗುವಾಗ ತೋರಿಸೋಣ ಅಂತ ಒಂದೂ ತೋಟಾ, ಒಂದೂ ಖಾಲಿ ಕೇಸು ಚೀಲದಲ್ಲಿ ಇಟ್ಟುಕೊಳ್ಳಬೇಡಿ. 1959ರ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ತೋಟಾದ ಬಿಡಿಭಾಗವೂ, ಅದನ್ನು ತಯಾರಿಸುವ ಯಂತ್ರವೂ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತವೆ. ಕೊಡಗಿನ ಕಡೆಯವರು ಕೈಲ್‌ಪೊಳ್ದ್ ಹಬ್ಬಕ್ಕೆ ಹೋಗುವಾಗ ಇದನ್ನು ನೆನಪಿಡಿ. ಹೊರಡುವ ಮುಂಚೆ ರೇಂಜಿಗೆ ಒಯ್ದಿದ್ದ ಚೀಲದ ಮೂಲೆಯನ್ನೂ ಒಮ್ಮೆ ಕೊಡವಿ ನೋಡಿ.

ಕಪ್ಪು ಕೆಂಪು ಗುರುತು ಹಾಕಿ ಹಾರಿಸಿದ ಮೇಲೆ ಅಂಕಿಗಳನ್ನು ನನಗೆ ಕಳಿಸಿ. ಕೇಸಿನ ಬುಡದ ಮುದ್ರೆ, ಎಷ್ಟು ಸಲ ಹಾರಿಸಿದ್ದು, ಹೇಗೆ ತೊಳೆದದ್ದು ಅನ್ನುವುದನ್ನೂ ಜೊತೆಗೆ ಬರೆಯಿರಿ. ಆಮೇಲೂ ಡೈ ಬೇಕೆನಿಸಿದರೆ ಯಾವುದು ಅಂತ ಕೂತು ಮಾತಾಡೋಣ.

ಇಂತಿ,
ನಿಮ್ಮಂತೆಯೇ ತೋಟಾ ತುಂಬುವ ಗೆಳೆಯ